ಮೇಷ್ಟ್ರು ಕಂಡುಹಿಡಿದದ್ದು ಯಾರ ಸ್ವತ್ತು? ಸಹಿ ಹಾಕುವ ಮುಂಚೆ, ಹಾಕಿದ ಮೇಲೆ ನೋಡಬೇಕಾದ್ದು

ಮೊದಲು ನಿಮ್ಮ ನೇಮಕಾತಿ ಪತ್ರ ಹುಡುಕಿ ತೆಗೆಯಿರಿ. ಸಂಬಳ ಎಷ್ಟು ಅಂತ ನೋಡಿ ಫೈಲಿಗೆ ಸೇರಿಸಿದ ಮೇಲೆ ಅದನ್ನು ಮತ್ತೆ ತೆರೆದವರು ಕಡಿಮೆ. ನಾನು ಬಹಳ ವರ್ಷ ವಿಶ್ವವಿದ್ಯಾಲಯವೊಂದರ ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡಿದವಳು. "ಮೇಡಂ, ಇದು ನನ್ನದಾ, ವಿಶ್ವವಿದ್ಯಾಲಯದ್ದಾ?" ಅಂತ ಕೇಳಿಕೊಂಡು ಬರುವ ಪ್ರಾಧ್ಯಾಪಕರಿಗೆ ನಾನು ತಿರುಗಿ ಕೇಳುತ್ತಿದ್ದದ್ದು ಒಂದೇ: "ಸೇರುವಾಗ ಯಾವ ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ?" ತಮ್ಮ ಸಂಶೋಧನೆ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲವರು ಇಲ್ಲಿ ತಡವರಿಸುತ್ತಿದ್ದರು. ಲ್ಯಾಬಿನಲ್ಲಿ ಹೊಸದೇನಾದರೂ ಹುಟ್ಟುವ ಹೊತ್ತಿಗೆ ಅದರ ಒಡೆತನ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ. ಎಂದೋ ಹಾಕಿದ ಸಹಿಗಳು ಅದನ್ನು ತೀರ್ಮಾನಿಸಿರುತ್ತವೆ.

ನೇಮಕಾತಿ ಪತ್ರದಲ್ಲಿ ಬೌದ್ಧಿಕ ಆಸ್ತಿ ಅನ್ನುವ ಮಾತೇ ಇಲ್ಲದಿರಬಹುದು. ಅದರಿಂದ ನೀವು ಪಾರಾದಿರಿ ಅಂತಲ್ಲ. "ಸಂಸ್ಥೆಯ ಕಾಲಕಾಲದ ನಿಯಮಗಳಿಗೆ ಬದ್ಧನಾಗಿರುತ್ತೇನೆ" ಅನ್ನುವ ಒಂದು ಸಾಲು ಎಲ್ಲೋ ಕೊನೆಯಲ್ಲಿ ಇರುತ್ತದೆ. ಆ ಒಂದು ಸಾಲಿನ ಬೆನ್ನಿಗೆ ಐಪಿ ಪಾಲಿಸಿ, ಅಂದರೆ ಬೌದ್ಧಿಕ ಆಸ್ತಿಯ ಬಗ್ಗೆ ಸಂಸ್ಥೆಯ ನಿಯಮಾವಳಿ, ಪೂರ್ತಿ ಬರುತ್ತದೆ. ಹಾಗಾಗಿ ಎರಡನೇ ಕೆಲಸ, ಆ ಪಾಲಿಸಿಯ ಪ್ರತಿ ಇಟ್ಟುಕೊಳ್ಳುವುದು. ಈಗಿನದು ಸಾಲದು, ನೀವು ಸೇರಿದಾಗ ಜಾರಿಯಲ್ಲಿದ್ದದ್ದೂ ಬೇಕು. ಪಾಲಿಸಿ ಬದಲಾಗುತ್ತದೆ, ವೆಬ್‌ಸೈಟಿನಿಂದ ಹಳೆಯದು ಮಾಯವಾಗುತ್ತದೆ. ಪಿಡಿಎಫ್ ಇಳಿಸಿಕೊಂಡು ತಾರೀಖು ಹಾಕಿ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಕಚೇರಿ ಇಮೇಲಿಗೆ ಬೇಡ, ಕೆಲಸ ಬಿಟ್ಟ ದಿನ ಅದು ಮುಚ್ಚಿಹೋಗುತ್ತದೆ.

"ಬರೆದುಕೊಡುತ್ತೇನೆ" ಅನ್ನೋದು ಎಲ್ಲಿದೆ, ಹೇಗಿದೆ

ಪಾಲಿಸಿ ಓದುವಾಗ ಎಲ್ಲರೂ ರಾಯಲ್ಟಿ ಪುಟಕ್ಕೆ ಹಾರುತ್ತಾರೆ. ಅದು ಆಮೇಲೆ. ಮೊದಲು ಹಕ್ಕು ವರ್ಗಾವಣೆಯ ಸಾಲು ಹುಡುಕಿ. ಅದು ಎರಡು ತರಹ ಇರುತ್ತದೆ. ಒಂದು, "ಮುಂದೆ ಬರೆದುಕೊಡಲು ಒಪ್ಪುತ್ತೇನೆ". ಇನ್ನೊಂದು, "ಈ ಮೂಲಕ ಬರೆದುಕೊಟ್ಟಿದ್ದೇನೆ". ಸೈಟು ಕೊಳ್ಳುವವರಿಗೆ ಇದು ತಟ್ಟನೆ ಗೊತ್ತಾಗುತ್ತದೆ: ಕರಾರು ಪತ್ರ ಬೇರೆ, ಕ್ರಯಪತ್ರ ಬೇರೆ.

ಈ ವ್ಯತ್ಯಾಸ ಎಷ್ಟು ದುಬಾರಿ ಅನ್ನೋದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಮಾನಿಸಿದ ಸ್ಟ್ಯಾನ್‌ಫರ್ಡ್ ಮತ್ತು ರೋಶ್ ನಡುವಿನ ಕೇಸು ನೋಡಿ. 1988ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ ಸಂಶೋಧಕರೊಬ್ಬರು, ತಮ್ಮ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ "ಬರೆದುಕೊಡಲು ಒಪ್ಪುತ್ತೇನೆ" ಎಂದು ಸಹಿ ಹಾಕಿದರು. ಡಿಎನ್ಎ ತುಣುಕಿನ ಅಸಂಖ್ಯ ಪ್ರತಿ ಮಾಡುವ ಪಿಸಿಆರ್ ತಂತ್ರ ಆಗ ಹೊಸದು. ಅದನ್ನು ಕಲಿಯಲು ವಿಶ್ವವಿದ್ಯಾಲಯವೇ ಅವರನ್ನು ಸೀಟಸ್ ಅನ್ನುವ ಕಂಪನಿಗೆ ಕಳಿಸಿತು. ಕಂಪನಿಯವರು ಒಂದು ಫಾರಂ ಮುಂದಿಟ್ಟರು. ಬಂದುಹೋಗುವ ಹೊರಗಿನವರು ಗುಟ್ಟು ಕಾಪಾಡಬೇಕು ಅನ್ನುವ ಮಾಮೂಲಿ ಫಾರಂ. ಅದರಲ್ಲಿ "ಬರೆದುಕೊಡುತ್ತೇನೆ ಮತ್ತು ಈ ಮೂಲಕ ಬರೆದುಕೊಟ್ಟಿದ್ದೇನೆ" ಅಂತಿತ್ತು. ಅವರು ಸಹಿ ಹಾಕಿದರು. ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂದು ಅಳೆಯುವ ವಿಧಾನ ಆ ಕೆಲಸದಿಂದ ಬಂತು. ಸೀಟಸ್‌ನ ಪಿಸಿಆರ್ ವ್ಯವಹಾರವನ್ನು 1991ರಲ್ಲಿ ಔಷಧ ಕಂಪನಿ ರೋಶ್ ಕೊಂಡುಕೊಂಡಿತು. ಮುಂದೆ ಸ್ಟ್ಯಾನ್‌ಫರ್ಡ್ ಕೇಸು ಹಾಕಿದಾಗ, ಮೊದಲು ಸಹಿಯಾದ ಅದರ ಕಾಗದ ಬರೀ ಭರವಸೆಯಾಗಿ ಉಳಿಯಿತು. ಆಮೇಲೆ ಸಹಿಯಾದ ಕಂಪನಿಯ ಫಾರಂ ಹಕ್ಕನ್ನೇ ಒಯ್ದಿತ್ತು. ಸಂಶೋಧನೆಗೆ ಸರ್ಕಾರದ ದುಡ್ಡು ಬಂದಿದೆ, ಹಾಗಾಗಿ ಕಾನೂನಿನ ಪ್ರಕಾರ ಹಕ್ಕು ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಸೇರುತ್ತದೆ ಎಂಬ ವಾದವೂ ನಿಲ್ಲಲಿಲ್ಲ. ಆವಿಷ್ಕಾರ ಮೊದಲು ಕಂಡುಹಿಡಿದವರದ್ದು, ಅವರು ಬರೆದುಕೊಟ್ಟರೆ ಮಾತ್ರ ಬೇರೆಯವರದ್ದು ಎಂದು ಕೋರ್ಟ್ ಹೇಳಿತು.

ಈ ತೀರ್ಪಿನ ಬೆನ್ನಿಗೇ ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಪತ್ರಗಳನ್ನು ತಿದ್ದಿಕೊಂಡವು. ಈಗ ಸೇರುವವರ ಕಾಗದದಲ್ಲಿ "ಈ ಮೂಲಕ" ಇರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ನಿಮ್ಮ ತಲೆಯಲ್ಲಿ ಇನ್ನೂ ಹುಟ್ಟದ ವಿಚಾರವನ್ನೂ ನೀವು ಆಗಲೇ ಬರೆದುಕೊಟ್ಟಿದ್ದೀರಿ.

ಇದರಿಂದ ಒಂದು ಅಭ್ಯಾಸ ಮಾಡಿಕೊಳ್ಳಿ. ಬೇರೆ ಲ್ಯಾಬಿಗೆ ಒಂದು ವಾರಕ್ಕೆ ಹೋದರೂ, ಕಂಪನಿಯ ಗೇಟಿನಲ್ಲಿ ಟ್ಯಾಬ್ಲೆಟ್ ಮುಂದಿಟ್ಟು "ಇಲ್ಲೊಂದು ಸಹಿ ಸಾರ್" ಅಂದರೂ, ಓದದೆ ಬೆರಳು ಇಡಬೇಡಿ. ಫಾರಂ ಅನ್ನು ಮೊದಲೇ ಇಮೇಲಿನಲ್ಲಿ ತರಿಸಿಕೊಳ್ಳಿ. ಗುಟ್ಟು ಕಾಪಾಡುವ ಸಾಲಿಗೆ ಒಪ್ಪಿ. ಹಕ್ಕು ಬರೆದುಕೊಡುವ ಸಾಲಿದ್ದರೆ, "ಇದಕ್ಕೆ ನನ್ನ ವಿಶ್ವವಿದ್ಯಾಲಯ ಒಪ್ಪಬೇಕು, ನಾನೊಬ್ಬನೇ ಸಹಿ ಹಾಕುವ ಹಾಗಿಲ್ಲ" ಎಂದು ಹೇಳಿ. ಇದು ನಿಜವೂ ಹೌದು, ಜಗಳವೂ ಆಗುವುದಿಲ್ಲ.

ಕಾಗದ ಏನೂ ಹೇಳದಿದ್ದರೆ

ಆಗ ದೇಶದ ಕಾನೂನು. ಇಲ್ಲಿ ಒಂದೊಂದು ದೇಶ ಒಂದೊಂದು ದಾರಿ.

ಬ್ರಿಟನ್ನಿನ 1977ರ ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ನಿಮ್ಮ ಮಾಮೂಲಿ ಕೆಲಸದ ಭಾಗವಾಗಿ, ಆವಿಷ್ಕಾರ ಬರಬಹುದು ಎಂದು ನಿರೀಕ್ಷಿಸುವಂಥ ಸಂದರ್ಭದಲ್ಲಿ ಬಂದದ್ದು ಕೆಲಸ ಕೊಟ್ಟವರದ್ದು. ಭಾರತದ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರರ ಆವಿಷ್ಕಾರದ ಬಗ್ಗೆ ಅಂಥ ಸೆಕ್ಷನ್ನೇ ಇಲ್ಲ. ನಿಜವಾಗಿ ಮೊದಲು ಕಂಡುಹಿಡಿದವರು ಅಥವಾ ಅವರಿಂದ ಬರೆಸಿಕೊಂಡವರು ಅರ್ಜಿ ಹಾಕಬೇಕು. ಉಳಿದದ್ದೆಲ್ಲ ಕರಾರಿನ ಮೇಲೆ. ಹಾಗಾಗಿ ನೇಮಕಾತಿ ಪತ್ರ ಮತ್ತು ಪಾಲಿಸಿಯ ತೂಕ ಅಲ್ಲಿ ಇನ್ನೂ ಜಾಸ್ತಿ.

ಜರ್ಮನಿಯಲ್ಲಿ 2002ರವರೆಗೆ ಪ್ರಾಧ್ಯಾಪಕರ ಆವಿಷ್ಕಾರ ಪ್ರಾಧ್ಯಾಪಕರದ್ದೇ ಆಗಿತ್ತು. ಆ ವರ್ಷ ಈ ಸವಲತ್ತು ತೆಗೆದರು. ಡೆನ್ಮಾರ್ಕ್, ನಾರ್ವೆ, ಫಿನ್‌ಲ್ಯಾಂಡ್ ಕೂಡ ತೆಗೆದವು. ಇಟಲಿಯ ಕಥೆ ತಮಾಷೆಯದು. ಬೇರೆಯವರು ತೆಗೆಯುತ್ತಿದ್ದ ಹೊತ್ತಲ್ಲೇ, 2001ರಲ್ಲಿ, ಅದು ಹೊಸದಾಗಿ ಕೊಟ್ಟಿತು. 2023ರಲ್ಲಿ ವಾಪಸ್ ತೆಗೆದುಕೊಂಡಿತು. ಸ್ವೀಡನ್ ಮಾತ್ರ ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಅಲ್ಲಿ ಮೇಷ್ಟ್ರೇ ಒಡೆಯರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಸ್ಟ್ರೇಲಿಯಾದ ತೀರ್ಪು. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಬ್ರೂಸ್ ಗ್ರೇ, ಲಿವರ್ ಕ್ಯಾನ್ಸರಿಗೆ ವಿಕಿರಣ ಸೂಸುವ ಸಣ್ಣ ಗುಂಡುಗಳನ್ನು ರೂಪಿಸಿದರು. ಅದರಿಂದ ಸರ್ಟೆಕ್ಸ್ ಅನ್ನುವ ಕಂಪನಿ ಬೆಳೆಯಿತು. ವಿಶ್ವವಿದ್ಯಾಲಯ "ಇದು ನಮ್ಮದು" ಎಂದು ಕೋರ್ಟಿಗೆ ಹೋಯಿತು. 2008ರಲ್ಲಿ ಸೋತಿತು, 2009ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಕೋರ್ಟ್ ಹೇಳಿದ್ದು ಹೀಗೆ: ಇವರನ್ನು ನೇಮಿಸಿಕೊಂಡದ್ದು ಸಂಶೋಧನೆ ಮಾಡಲು. ಆವಿಷ್ಕಾರ ಮಾಡಲೇಬೇಕು ಅಂತ ಅಲ್ಲ. ಬೇಕೆಂದರೆ ಎಲ್ಲವನ್ನೂ ಪ್ರಕಟಿಸಿ ಪೇಟೆಂಟೇ ಸಿಗದ ಹಾಗೆ ಮಾಡುವ ಸ್ವಾತಂತ್ರ್ಯ ಅವರಿಗಿತ್ತು. ದುಡ್ಡನ್ನೂ ಅವರೇ ಹೊರಗಿನಿಂದ ಹೊಂದಿಸಬೇಕಿತ್ತು. ಕಾರ್ಖಾನೆಯ ನೌಕರನಿಗೂ ಪ್ರಾಧ್ಯಾಪಕನಿಗೂ ವ್ಯತ್ಯಾಸ ಇದೆ.

ಈ ತೀರ್ಪು ಓದಿ ಖುಷಿಯಾಗಿ ನಿಮ್ಮ ಕುಲಸಚಿವರ ಮುಂದೆ ಇಡಲು ಹೋಗಬೇಡಿ. ಅದು ಕರಾರಿನಲ್ಲಿ ಸ್ಪಷ್ಟ ಮಾತು ಇಲ್ಲದಾಗಿನ ತೀರ್ಪು. ನಿಮ್ಮ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಅದು ನಿಮ್ಮ ಕೈ ಹಿಡಿಯುವುದಿಲ್ಲ.

ಪಾಠ, ಪುಸ್ತಕ, ವಿಡಿಯೋ

ಪೇಟೆಂಟಿನ ದಾರಿ ಬೇರೆ, ಕಾಪಿರೈಟಿನ ದಾರಿ ಬೇರೆ. ಬಹಳ ಜನ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಕಾಗದದ ಮೇಲಿನ ಕಾನೂನು ನೋಡಿದರೆ ಗಾಬರಿಯಾಗುತ್ತದೆ. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್, ಬ್ರಿಟನ್ನಿನ 1988ರ ಕಾಯ್ದೆಯ 11ನೇ ಸೆಕ್ಷನ್, ಎರಡೂ ಹೇಳೋದು ಹೆಚ್ಚುಕಡಿಮೆ ಒಂದೇ: ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕುದಾರರು ಕೆಲಸ ಕೊಟ್ಟವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾದರೆ ನೀವು ಬರೆದ ಪಠ್ಯಪುಸ್ತಕ, ಜರ್ನಲ್ ಲೇಖನ ಎಲ್ಲವೂ ಅವರದ್ದಾ? ರೂಢಿಯಲ್ಲಿ ಹಾಗಿಲ್ಲ. ಪುಸ್ತಕ, ಲೇಖನ, ಕ್ಲಾಸಿನ ನೋಟ್ಸ್ ಮೇಷ್ಟ್ರದ್ದೇ ಅನ್ನುವುದು ವಿಶ್ವವಿದ್ಯಾಲಯಗಳ ಹಳೆಯ ಪದ್ಧತಿ, ಎಷ್ಟೋ ಪಾಲಿಸಿಗಳು ಇದನ್ನು ಬರೆದೇ ಒಪ್ಪಿಕೊಂಡಿವೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರ ಪಾಠವನ್ನು ಒಬ್ಬ ವಿದ್ಯಾರ್ಥಿಯಿಂದ ಬರೆಸಿ, ನೋಟ್ಸ್ ಮಾಡಿ ಮಾರುತ್ತಿದ್ದವನ ಮೇಲೆ ಕೇಸಾಯಿತು. "ಹಕ್ಕು ವಿಶ್ವವಿದ್ಯಾಲಯದ್ದು, ನಿಮ್ಮದಲ್ಲ" ಎಂದು ಅವನು ವಾದಿಸಿದ. 1969ರಲ್ಲಿ ಕೋರ್ಟ್ ಮೇಷ್ಟ್ರ ಪರ ನಿಂತಿತು. ಅವರು ಕೆಲಸ ಬಿಟ್ಟು ಬೇರೆ ಕಡೆ ಹೋದರೆ ಅದೇ ಪಾಠ ಮಾಡಬೇಡವೇ ಅನ್ನುವುದು ಅಲ್ಲಿನ ತರ್ಕದ ಒಂದು ಎಳೆ.

ಆದರೆ ರೂಢಿಯನ್ನು ನಂಬಿ ಕೂರುವ ಕಾಲ ಹೋಯಿತು. ಕಾರಣ ವಿಡಿಯೋ. ಸ್ಟುಡಿಯೋ ಅವರದ್ದು, ಕ್ಯಾಮೆರಾ ಹಿಡಿದವರು ಅವರ ಸಿಬ್ಬಂದಿ, ಎಡಿಟ್ ಮಾಡಿದವರು ಅವರು, ಹೆಚ್ಚುವರಿ ಗೌರವಧನ ಬೇರೆ ಕೊಟ್ಟಿರುತ್ತಾರೆ. 2021ರ ಆರಂಭದಲ್ಲಿ ಮಾಂಟ್ರಿಯಲ್‌ನ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಲಾ ಇತಿಹಾಸದ ಆನ್‌ಲೈನ್ ಕೋರ್ಸಿನ ಮೇಷ್ಟ್ರಿಗೆ ಇಮೇಲ್ ಮಾಡೋಣ ಅಂತ ಹುಡುಕಿದ. ಸಿಕ್ಕಿದ್ದು ಅವರ ನಿಧನದ ಸುದ್ದಿ. ಅವರು 2019ರಲ್ಲೇ ತೀರಿಕೊಂಡಿದ್ದರು, ವಿಡಿಯೋ ಪಾಠ ನಡೆಯುತ್ತಲೇ ಇತ್ತು.

ಅದಕ್ಕೇ ರೆಕಾರ್ಡಿಂಗ್ ಮುಂಚೆ ಒಂದು ಪುಟದ ಒಪ್ಪಂದ ಕೇಳಿ. ಲಾಯರ್ ಭಾಷೆ ಬೇಕಿಲ್ಲ. ನಾನು ಹೇಳಿಕೊಡುತ್ತಿದ್ದದ್ದು ಇಷ್ಟು: ಸ್ಲೈಡು ಮತ್ತು ಪಾಠದ ಬರಹ ನನ್ನದು, ರೆಕಾರ್ಡಿಂಗ್ ಬಳಸುವ ಅನುಮತಿ ನಿಮಗೆ. ಈ ಕೋರ್ಸಿಗೆ ಮಾತ್ರ, ಇಂತಿಷ್ಟು ವರ್ಷ. ಆಮೇಲೆ ಹಳತಾದ ಪಾಠ ಬದಲಾಯಿಸಲು ಅಥವಾ ತೆಗೆಸಲು ನನಗೆ ಅವಕಾಶ. ಬೇರೆ ಸಂಸ್ಥೆಗೆ ಮಾರಿದರೆ ನನ್ನನ್ನು ಕೇಳಬೇಕು, ಪಾಲು ಕೊಡಬೇಕು. ನನ್ನ ದನಿ, ಮುಖ ಬಳಸಿ ಕೃತಕ ಬುದ್ಧಿಮತ್ತೆಯಿಂದ ಹೊಸ ಪಾಠ ತಯಾರಿಸುವಂತಿಲ್ಲ. ಕೊನೆಯದನ್ನು ಮೊದಲೆಲ್ಲ ಯಾರೂ ಕೇಳುತ್ತಿರಲಿಲ್ಲ, ಈಗ ಕೇಳದಿದ್ದರೆ ಆಗದು. ಭಾರತದಲ್ಲಾದರೆ ಒಂದು ಅನುಕೂಲ ಇದೆ. ಕಾಪಿರೈಟ್ ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಅಂತಲೇ ಲೆಕ್ಕ, ಜಾಗ ಹೇಳದಿದ್ದರೆ ಭಾರತ ಮಾತ್ರ. ಆದರೆ "ಶಾಶ್ವತವಾಗಿ, ಪ್ರಪಂಚದಾದ್ಯಂತ" ಎಂಬ ಎರಡು ಪದ ಸೇರಿಸಿದರೆ ಈ ಅನುಕೂಲ ಹೋಯಿತು. ಆ ಎರಡು ಪದಗಳನ್ನು ಕಂಡರೆ ಪೆನ್ನು ಕೆಳಗಿಡಿ.

ಜರ್ನಲ್ ಲೇಖನದ ಹಕ್ಕನ್ನು ಪ್ರಕಾಶಕರಿಗೆ ಬಿಟ್ಟುಕೊಡುವವರು ನೀವೇ ಅನ್ನುವುದನ್ನೂ ಮರೆಯಬೇಡಿ. ವಿಶ್ವವಿದ್ಯಾಲಯದ ಜೊತೆ ಕಚ್ಚಾಡುವವರು ಪ್ರಕಾಶಕರ ಫಾರಂಗೆ ಒಂದು ಕ್ಲಿಕ್ಕಿನಲ್ಲಿ ಎಲ್ಲವನ್ನೂ ಕೊಟ್ಟುಬಿಡುತ್ತಾರೆ.

ಸಾಫ್ಟ್‌ವೇರ್ ಎರಡೂ ಕಡೆ ಕಾಲಿಟ್ಟಿರುತ್ತದೆ. ಕೋಡ್ ಕಾಪಿರೈಟಿನಲ್ಲಿ ಬರುತ್ತದೆ, ಆದರೆ ಪಾಲಿಸಿಗಳು ಅದನ್ನು ಪೇಟೆಂಟಿನ ಹಾಗೆ ಕಂಡು ತಮ್ಮದು ಅನ್ನುತ್ತವೆ. ಓಪನ್ ಸೋರ್ಸ್ ಮಾಡುವ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಆಸೆ ಇದ್ದರೆ, ಮೊದಲ ಸಾಲು ಬರೆಯುವ ಹೊತ್ತಿಗೇ ಅನುಮತಿ ಪಡೆಯಿರಿ. ಬೇರೆಯವರ ಕೋಡ್ ಸೇರಿಸಿದ್ದರೆ ಅದರ ಲೈಸೆನ್ಸ್ ಯಾವುದು ಅಂತ ಒಂದು ಫೈಲಿನಲ್ಲಿ ಬರೆದಿಡಿ. ಎಂಐಟಿ, ಬಿಎಸ್‌ಡಿ ಥರದ ಲೈಸೆನ್ಸುಗಳು ಸಡಿಲ. ಜಿಪಿಎಲ್ ಎಂಬ ಲೈಸೆನ್ಸಿನ ಕೋಡ್ ಸೇರಿಸಿ ಹಂಚಿದರೆ ನಿಮ್ಮದನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕಾಗುತ್ತದೆ.

"ಭಾನುವಾರ ಮನೆಯಲ್ಲಿ ಕೂತು ಮಾಡಿದ್ದು"

ಈ ಮಾತು ಕೇಳದ ತಿಂಗಳೇ ಇರಲಿಲ್ಲ. ರಜಾದಿನ, ಸ್ವಂತ ಲ್ಯಾಪ್‌ಟಾಪ್, ಸ್ವಂತ ಮನೆ. ಆದ್ದರಿಂದ ನನ್ನದು, ಅಲ್ವಾ?

ಗಡಿಯಾರ ನೋಡಿ ಯಾರೂ ಇದನ್ನು ತೀರ್ಮಾನಿಸುವುದಿಲ್ಲ. ಕೇಳುವ ಪ್ರಶ್ನೆಗಳೇ ಬೇರೆ. ಇದು ನಿಮ್ಮನ್ನು ನೇಮಿಸಿಕೊಂಡ ವಿಷಯಕ್ಕೆ ಸೇರಿದ್ದಾ? ಸಂಸ್ಥೆಯ ಉಪಕರಣ, ಡೇಟಾ, ಸಿಬ್ಬಂದಿ, ಅನುದಾನ ಇದರಲ್ಲಿ ಬಳಕೆಯಾಗಿದೆಯಾ? ಪಾಲಿಸಿಗಳಲ್ಲಿ "ಗಣನೀಯ ಬಳಕೆ" ಎಂಬ ಪದ ಸಿಗುತ್ತದೆ. ಲೈಬ್ರರಿ, ಕಚೇರಿ ಕೋಣೆ, ಇಂಟರ್‌ನೆಟ್ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದೇ ಬರುತ್ತದೆ. ರಸಾಯನಶಾಸ್ತ್ರದ ಪ್ರಾಧ್ಯಾಪಕರು ಭಾನುವಾರ ಹೊಸ ವೇಗವರ್ಧಕ ಕಂಡುಹಿಡಿದರೆ ಅದನ್ನು ತಮ್ಮದು ಅನ್ನುವುದು ಕಷ್ಟ. ಅದೇ ಪ್ರಾಧ್ಯಾಪಕರು ಮಕ್ಕಳ ಆಟದ ಸಾಮಾನು ರೂಪಿಸಿದರೆ ಬಹುಮಟ್ಟಿಗೆ ಅವರದ್ದೇ. ಎರಡರ ನಡುವೆ ಇರುವುದಾದರೆ ಸುಮ್ಮನೆ ಬಚ್ಚಿಡಬೇಡಿ. "ಇದರಲ್ಲಿ ಸಂಸ್ಥೆಯದು ಏನೂ ಬಳಕೆಯಾಗಿಲ್ಲ, ನನ್ನ ವಿಷಯಕ್ಕೂ ಸೇರಿದ್ದಲ್ಲ" ಎಂದು ಬರೆದು ಕೊಟ್ಟು, ಹಕ್ಕಿಲ್ಲವೆಂಬ ಪತ್ರ ಪಡೆಯಿರಿ. ಈಗ ಸುಲಭವಾಗಿ ಸಿಗುವ ಆ ಪತ್ರ, ಅದರಿಂದ ದುಡ್ಡು ಬರಲು ಶುರುವಾದ ಮೇಲೆ ಸಿಗುವುದಿಲ್ಲ.

ಕನ್ಸಲ್ಟೆನ್ಸಿಯಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಪನಿಯ ಕರಾರು "ಈ ಅವಧಿಯಲ್ಲಿ ನೀವು ಕಂಡುಹಿಡಿದದ್ದೆಲ್ಲ ನಮ್ಮದು" ಅನ್ನುತ್ತದೆ. ವಿಶ್ವವಿದ್ಯಾಲಯದ ಪಾಲಿಸಿಯೂ ಅದನ್ನೇ ಅನ್ನುತ್ತದೆ. ಒಂದೇ ವಸ್ತುವನ್ನು ಇಬ್ಬರಿಗೆ ಬರೆದುಕೊಟ್ಟ ಹಾಗಾಯಿತು. ಕಂಪನಿಯ ಕರಾರಿನಲ್ಲಿ "ಈ ಕೆಲಸದ ಪಟ್ಟಿಯಲ್ಲಿ ಹೇಳಿದ್ದಕ್ಕೆ ಮಾತ್ರ" ಎಂದು ಸೇರಿಸಿ, ಕೆಲಸದ ಪಟ್ಟಿಯನ್ನು ಚಿಕ್ಕದಾಗಿ, ಬಿಗಿಯಾಗಿ ಬರೆಸಿ. ನಿಮ್ಮ ಬಳಿ ಮುಂಚಿನಿಂದಲೇ ಇರುವ ಡೇಟಾ, ಕೋಡ್, ವಿಧಾನಗಳನ್ನು ಒಂದು ಅನುಬಂಧದಲ್ಲಿ ಪಟ್ಟಿ ಮಾಡಿ. ಈ ಅನುಬಂಧ ಖಾಲಿ ಬಿಟ್ಟ ಕರಾರುಗಳನ್ನು ನಾನು ನೋಡಿದಷ್ಟು ತುಂಬಿದ್ದನ್ನು ನೋಡಿಲ್ಲ.

ಅನುದಾನದ ಷರತ್ತು ಓದಿ. ಅಮೆರಿಕದ 1980ರ ಬೇ-ಡೋಲ್ ಕಾಯ್ದೆ, ಸರ್ಕಾರದ ದುಡ್ಡಿನಲ್ಲಿ ಬಂದ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯ ಇಟ್ಟುಕೊಳ್ಳಬಹುದು ಎಂದಿತು, ಆದರೆ ರಾಯಲ್ಟಿಯಲ್ಲಿ ಕಂಡುಹಿಡಿದವರಿಗೆ ಪಾಲು ಕೊಡಲೇಬೇಕು ಎಂದೂ ಹೇಳಿತು. ಸರ್ಕಾರಕ್ಕೂ ಬಳಸುವ ಅನುಮತಿ ಉಳಿಯುತ್ತದೆ. ಇನ್ನೊಂದು ಸಂಸ್ಥೆಯ ಜೊತೆ ಸೇರಿ ಮಾಡುತ್ತಿದ್ದರೆ "ಜಂಟಿ ಒಡೆತನ" ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಅಮೆರಿಕದಲ್ಲಿ ಜಂಟಿ ಒಡೆಯರಲ್ಲಿ ಯಾರೊಬ್ಬರೂ ಇನ್ನೊಬ್ಬರನ್ನು ಕೇಳದೆ ಲೈಸೆನ್ಸ್ ಕೊಡಬಹುದು. ಭಾರತದಲ್ಲಿ, ಬ್ರಿಟನ್ನಿನಲ್ಲಿ ಉಳಿದವರ ಒಪ್ಪಿಗೆ ಬೇಕು. ಯಾರು ಅರ್ಜಿ ಖರ್ಚು ಹಾಕುತ್ತಾರೆ, ಯಾರು ಲೈಸೆನ್ಸ್ ಕೊಡುತ್ತಾರೆ, ಇದನ್ನು ಎಂಒಯು (ಎರಡು ಸಂಸ್ಥೆಗಳ ಮೊದಲ ಒಡಂಬಡಿಕೆ) ಹಂತದಲ್ಲೇ ಬರೆಸಿ.

ವಿದ್ಯಾರ್ಥಿಗಳ ಹೆಸರು

ವಿದ್ಯಾರ್ಥಿ ನೌಕರ ಅಲ್ಲ. ಸಂಬಳವಿಲ್ಲದೆ ಓದುವವರ ವಿಚಾರ, ಬೇರೆ ಸಹಿ ಇಲ್ಲದಿದ್ದರೆ, ಅವರದ್ದೇ. ಪ್ರಾಜೆಕ್ಟ್ ದುಡ್ಡಿನಲ್ಲಿ ಫೆಲೋಶಿಪ್ ಪಡೆಯುವವರ ಕಥೆ ಬೇರೆ. ಗೂಗಲ್‌ಗೆ ಬುನಾದಿಯಾದ, ವೆಬ್ ಪುಟಗಳ ಮಹತ್ವ ಅಳೆಯುವ ಪೇಜ್‌ರ‍್ಯಾಂಕ್ ವಿಧಾನ ಲ್ಯಾರಿ ಪೇಜ್ ವಿದ್ಯಾರ್ಥಿಯಾಗಿದ್ದಾಗಿನದು, ಪೇಟೆಂಟ್ ಮಾತ್ರ ಸ್ಟ್ಯಾನ್‌ಫರ್ಡ್‌ನದು. ಲೈಸೆನ್ಸಿಗೆ ಬದಲಾಗಿ ಅದಕ್ಕೆ ಸುಮಾರು 18 ಲಕ್ಷ ಷೇರು ಬಂತು. 2005ರಲ್ಲಿ ಮಾರಿದಾಗ ಸುಮಾರು 33 ಕೋಟಿ 60 ಲಕ್ಷ ಡಾಲರ್ ಸಿಕ್ಕಿತು.

ಹೆಸರು ಹಾಕುವ ವಿಷಯದಲ್ಲಿ ಲೇಖನಕ್ಕೂ ಪೇಟೆಂಟಿಗೂ ನಿಯಮ ಒಂದೇ ಅಲ್ಲ. ಲೇಖನದಲ್ಲಿ ವಿಭಾಗದ ಮುಖ್ಯಸ್ಥರ ಹೆಸರು ಮರ್ಯಾದೆಗೆ ಸೇರಿಬಿಡುತ್ತದೆ. ಪೇಟೆಂಟಿನಲ್ಲಿ ಹಾಗೆ ಸೇರಿಸುವ ಹಾಗಿಲ್ಲ. ಯಾರ ತಲೆಯಿಂದ ಆ ವಿಚಾರ ಬಂತೋ ಅವರು ಮಾತ್ರ. ಹೇಳಿದ ಹಾಗೆ ಯಂತ್ರ ನಡೆಸಿ ಅಳತೆ ತೆಗೆದುಕೊಟ್ಟವರು ಬರುವುದಿಲ್ಲ. "ಉಪ್ಪಿನ ಬದಲು ಇದನ್ನು ಹಾಕಿದರೆ ನಿಲ್ಲುತ್ತೆ ಸಾರ್" ಅಂತ ಹೇಳಿ ದಾರಿ ತೋರಿಸಿದ ವಿದ್ಯಾರ್ಥಿನಿ ಬರುತ್ತಾಳೆ, ಅವಳು ಎಷ್ಟೇ ಕಿರಿಯಳಾಗಿರಲಿ. ತಪ್ಪು ಹೆಸರು ಸೇರಿಸಿದರೆ ಅಥವಾ ಸರಿಯಾದದ್ದನ್ನು ಬಿಟ್ಟರೆ ಪೇಟೆಂಟೇ ಬಿದ್ದುಹೋಗಬಹುದು. ಗೈಡ್ ತನ್ನ ಹೆಸರು ಬಿಟ್ಟರು ಎಂದು ಷಿಕಾಗೋ ವಿಶ್ವವಿದ್ಯಾಲಯದ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬರು ಹೂಡಿದ ಕೇಸಿನಲ್ಲಿ, ಕೇಳುವ ಹಕ್ಕು ಆಕೆಗೆ ಇದೆ ಎಂದು ಮೇಲಿನ ಕೋರ್ಟ್ 2001ರಲ್ಲಿ ಹೇಳಿತು.

ಈ ಜಗಳ ತಪ್ಪಿಸಲು ಲ್ಯಾಬ್ ನೋಟ್‌ಬುಕ್ಕೇ ಸಾಕು. ಪುಟಕ್ಕೆ ನಂಬರು, ತಾರೀಖು, ಯಾರು ಏನು ಹೇಳಿದರು. ಮೀಟಿಂಗ್ ಮುಗಿದ ಮೇಲೆ ಎರಡು ಸಾಲಿನ ಇಮೇಲ್.

ಬಾಯಿ ಬಿಡುವ ಮುಂಚೆ ಅರ್ಜಿ

"ಮೇಡಂ, ನಾಳೆ ಕಾನ್ಫರೆನ್ಸ್ ಇದೆ. ಇವತ್ತು ಪೇಟೆಂಟ್ ಹಾಕಬಹುದಾ?" ಈ ಪ್ರಶ್ನೆ ಕೇಳಿಕೊಂಡು ಸಂಜೆ ನಾಲ್ಕಕ್ಕೆ ಬರುತ್ತಿದ್ದರು. ಕೆಲವು ಸಲ ಹಾಕಿದ್ದೂ ಇದೆ, ತಾತ್ಕಾಲಿಕ ಅರ್ಜಿ ಅಂತ. ಅವಸರದಲ್ಲಿ ಬರೆದದ್ದು ಅವಸರದ ಹಾಗೇ ಇರುತ್ತದೆ.

ಯಾರದ್ದು ಅನ್ನುವ ಜಗಳಕ್ಕೆ ಅರ್ಥ ಇರಬೇಕಾದರೆ ಹಕ್ಕು ಉಳಿದಿರಬೇಕಲ್ಲ. ಯುರೋಪಿನಲ್ಲಿ ನೀವೇ ಪ್ರಕಟಿಸಿದ್ದರೂ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತು. ಅಮೆರಿಕದಲ್ಲಿ 1 ವರ್ಷದ ರಿಯಾಯಿತಿ ಇದೆ. ಭಾರತದಲ್ಲಿ ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧದಂಥ ಕೆಲವು ಸಂದರ್ಭಗಳಿಗೆ ಮಾತ್ರ 12 ತಿಂಗಳು. ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಅವರ ಜೀನ್ ಜೋಡಿಸುವ ವಿಧಾನದ ಲೇಖನ 1973ರ ನವೆಂಬರಿನಲ್ಲಿ ಬಂತು. ಸ್ಟ್ಯಾನ್‌ಫರ್ಡಿನ ಪೇಟೆಂಟ್ ಕಚೇರಿಗೆ ವಿಷಯ ತಿಳಿದದ್ದು ಮರುವರ್ಷ, ಪತ್ರಿಕೆಯಲ್ಲಿ ಸುದ್ದಿ ನೋಡಿ. 1 ವರ್ಷ ಮುಗಿಯಲು ಕೆಲವೇ ದಿನ ಇರುವಾಗ, 1974ರ ನವೆಂಬರಿನಲ್ಲಿ ಅರ್ಜಿ ಹಾಕಿದರು. ಆ ಪೇಟೆಂಟುಗಳಿಂದ ಒಟ್ಟು ಸುಮಾರು 25 ಕೋಟಿ 50 ಲಕ್ಷ ಡಾಲರ್ ಬಂತು. ಅಮೆರಿಕದ ಹೊರಗಿನ ಹಕ್ಕುಗಳು ಮಾತ್ರ ಲೇಖನ ಬಂದ ದಿನವೇ ಹೋಗಿದ್ದವು.

ವಿಶ್ವವಿದ್ಯಾಲಯಕ್ಕೆ ಕೊಡುವ ಆವಿಷ್ಕಾರದ ಮಾಹಿತಿ ಫಾರಂನಲ್ಲಿ "ಹಿಂದೆ ಎಲ್ಲಾದರೂ ಪ್ರಕಟವಾಗಿದೆಯೇ?" ಎಂಬ ಕಾಲಂ ಇರುತ್ತದೆ. ಕೈ ತಾನಾಗೇ "ಇಲ್ಲ" ಅಂತ ಬರೆಯುತ್ತದೆ. ತಡೆಯಿರಿ. ಪೋಸ್ಟರ್ ಅಂಟಿಸಿದ್ದೀರಾ? ಕಾನ್ಫರೆನ್ಸಿನವರು ಸಾರಾಂಶವನ್ನು ಮುಂಚೆಯೇ ವೆಬ್‌ಸೈಟಿಗೆ ಹಾಕಿದ್ದಾರಾ? ಪ್ರಿಪ್ರಿಂಟ್, ಅಂದರೆ ಜರ್ನಲ್‌ಗೆ ಮುಂಚೆ ಆನ್‌ಲೈನ್‌ನಲ್ಲಿ ಹಾಕುವ ಕರಡು ಲೇಖನ? ವಿದ್ಯಾರ್ಥಿಯ ಪಿಎಚ್‌ಡಿ ಪ್ರಬಂಧ ಲೈಬ್ರರಿಗೆ ಹೋಯಿತಾ? ಮೌಖಿಕ ಪರೀಕ್ಷೆಗೆ ಹೊರಗಿನವರು ಬಂದು ಕೂತಿದ್ದರಾ? ಕಂಪನಿಯವರಿಗೆ ಗುಟ್ಟಿನ ಕರಾರಿಲ್ಲದೆ ತೋರಿಸಿದ್ದೀರಾ? ಇದ್ದದ್ದನ್ನು ಇದ್ದ ಹಾಗೆ ತಾರೀಖು ಸಮೇತ ಬರೆಯಿರಿ. ವಕೀಲರು ಗೊತ್ತಿದ್ದ ತೊಂದರೆಗೆ ದಾರಿ ಹುಡುಕಬಲ್ಲರು. ಅದೇ ಫಾರಂನಲ್ಲಿ ಯಾರ ಪಾಲು ಶೇಕಡಾ ಎಷ್ಟು ಎಂಬ ಕಾಲಂ ಕೂಡ ಇರುತ್ತದೆ. ಅದನ್ನು ಎಲ್ಲರೂ ಒಟ್ಟಿಗೆ ಕೂತು ಅವತ್ತೇ ತುಂಬಿ ಸಹಿ ಹಾಕಿ.

ಪಾಲು ಮತ್ತು ಬಿಡುಗಡೆ

ಜರ್ಮನಿಯಲ್ಲಿ ಕಾನೂನೇ ಹೇಳುತ್ತದೆ, ಬಂದ ಆದಾಯದಲ್ಲಿ ಶೇಕಡಾ 30 ಕಂಡುಹಿಡಿದವರಿಗೆ. ಉಳಿದ ಕಡೆ ಹೆಚ್ಚಾಗಿ ಪಾಲಿಸಿ ಹೇಳಿದಷ್ಟು. ಪಾಲಿಸಿಯಲ್ಲಿ ದೊಡ್ಡ ಶೇಕಡಾ ಕಂಡು ಹಿಗ್ಗಬೇಡಿ. ಯಾವುದರ ಶೇಕಡಾ ಅಂತ ನೋಡಿ. "ನಿವ್ವಳ" ಅಂದರೆ ಅರ್ಜಿ ಶುಲ್ಕ, ವಕೀಲರ ಖರ್ಚು, ಕಚೇರಿ ಖರ್ಚು ಎಲ್ಲ ಕಳೆದು ಉಳಿದದ್ದು. ಷೇರು ಸಿಕ್ಕರೆ ಅದಕ್ಕೂ ಪಾಲು ಅನ್ವಯಿಸುತ್ತದಾ ಅಂತಲೂ ಕೇಳಿ.

ಎಲ್ಲರೂ ದುಡ್ಡಿಗಾಗಿಯೇ ಕೇಳುತ್ತಾರೆ ಅಂತಲ್ಲ. ಇನ್ಸುಲಿನ್ ಪೇಟೆಂಟನ್ನು ಅದನ್ನು ಕಂಡುಹಿಡಿದ ತಂಡದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬರೆದುಕೊಟ್ಟರು. ಬ್ಯಾಂಟಿಂಗ್ ಮೊದಲಿಗೆ ಪೇಟೆಂಟಿನಲ್ಲಿ ತಮ್ಮ ಹೆಸರೇ ಬೇಡ ಅಂದಿದ್ದರು. ಅಂಥ ಆಸೆ ನಿಮಗಿದ್ದರೆ ಅದನ್ನೂ ಬರೆಸಬೇಕು: ಬಡ ದೇಶಗಳಿಗೆ ಕಡಿಮೆ ಬೆಲೆ, ಬೇರೆ ಸಂಶೋಧಕರಿಗೆ ಉಚಿತ ಬಳಕೆ. ಲೈಸೆನ್ಸ್ ಆದ ಮೇಲೆ ಕೇಳಿದರೆ ತಡವಾಯಿತು.

ವಿಶ್ವವಿದ್ಯಾಲಯ "ನಮಗೆ ಬೇಡ" ಅನ್ನುವುದು ನೀವಂದುಕೊಂಡಿದ್ದಕ್ಕಿಂತ ಜಾಸ್ತಿ. ದೇಶದೇಶದಲ್ಲಿ ಪೇಟೆಂಟ್ ಉಳಿಸಿಕೊಳ್ಳುವುದು ಖರ್ಚಿನ ಬಾಬ್ತು. ಬೇಡ ಅಂದಾಗ ಬಾಯಿಮಾತಿಗೆ ಸಮಾಧಾನಪಡಬೇಡಿ. ಫ್ಲೋರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಮತ್ತು ಅವರ ತಂಡ 1965ರಲ್ಲಿ ಆಟಗಾರರಿಗಾಗಿ ಗೇಟರೇಡ್ ಪಾನೀಯ ಮಾಡಿದರು. ಆಗ ವಿಶ್ವವಿದ್ಯಾಲಯ ಆಸಕ್ತಿ ತೋರಿಸಲಿಲ್ಲ. ಅವರು ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡರು. ಅದು ಭರ್ಜರಿಯಾಗಿ ಮಾರಾಟವಾದ ಮೇಲೆ ಹಕ್ಕಿನ ವ್ಯಾಜ್ಯ ಶುರುವಾಯಿತು. 1970ರ ದಶಕದಲ್ಲಿ ರಾಜಿಯಾಗಿ ರಾಯಲ್ಟಿಯ ಶೇಕಡಾ 20 ವಿಶ್ವವಿದ್ಯಾಲಯಕ್ಕೆ ಎಂದು ತೀರ್ಮಾನವಾಯಿತು.

ಬೇಡ ಅಂದರೆ ಬಿಡುಗಡೆ ಪತ್ರ ಕೇಳಿ. ಅದರಲ್ಲಿ ಆವಿಷ್ಕಾರದ ಹೆಸರು, ಫಾರಂ ನಂಬರು, ಹಕ್ಕನ್ನು ವಾಪಸ್ ಬರೆದುಕೊಟ್ಟ ಮಾತು, ಸಹಿ ಹಾಕುವ ಅಧಿಕಾರ ಇರುವವರ ಸಹಿ ಬೇಕು. ವಿಭಾಗದ ಮುಖ್ಯಸ್ಥರ ಸಹಿ ನಡೆಯುವುದಿಲ್ಲ. ಅನುದಾನ ಕೊಟ್ಟವರು ಒಪ್ಪಬೇಕಾದರೆ ಅವರ ಪತ್ರವೂ ಬೇಕು. ಪಾಲಿಸಿಯಲ್ಲಿ ವಿಶ್ವವಿದ್ಯಾಲಯ ತೀರ್ಮಾನಿಸಲು ಗಡುವು ಇದೆಯಾ ನೋಡಿ. ಗಡುವು ದಾಟಿದ ಮರುದಿನ ಒಂದು ಇಮೇಲ್ ಹಾಕಿ, ನೆನಪಿಸುವ ಧಾಟಿಯಲ್ಲಿ.

ಕೆಲಸ ಬಿಡುವಾಗಲೂ ಒಂದಿಷ್ಟು ಕೆಲಸ ಇದೆ. ಹಳೆಯ ಕಡೆ ಹುಟ್ಟಿದ ವಿಚಾರ ಹೊಸ ಕಡೆ ಬೆಳೆದರೆ ಇಬ್ಬರೂ ಕೈ ಚಾಚುತ್ತಾರೆ. ಬಿಡುವ ವಾರ, ನಿಮ್ಮ ನಡೆಯುತ್ತಿರುವ ಕೆಲಸಗಳ ಪಟ್ಟಿಯನ್ನು ಯಾವುದು ಎಲ್ಲಿಗೆ ಮುಟ್ಟಿದೆ ಎಂದು ಬರೆದು ಐಪಿ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ನೋಟ್‌ಬುಕ್ ಅಲ್ಲೇ ಬಿಡಬೇಕಾಗಬಹುದು, ಪ್ರತಿ ಕೇಳಿ. ಜೈವಿಕ ಮಾದರಿ, ಡೇಟಾ ಒಯ್ಯಲು ಪ್ರತ್ಯೇಕ ಒಪ್ಪಿಗೆ ಬೇಕು. ಮತ್ತೆ, ರಾಯಲ್ಟಿ ಕಳಿಸಲು ನಿಮ್ಮ ಹೊಸ ವಿಳಾಸ, ಬ್ಯಾಂಕ್ ಖಾತೆ, ನಿಮ್ಮ ನಂತರ ಯಾರಿಗೆ ಸೇರಬೇಕು ಅನ್ನುವ ಹೆಸರು ಕೊಡಿ. ನಮ್ಮ ಕಚೇರಿಯಲ್ಲಿ "ವಿಳಾಸದಾರರು ಇಲ್ಲಿಲ್ಲ" ಎಂದು ವಾಪಸ್ ಬಂದ ಲಕೋಟೆಗಳಿಗಾಗಿಯೇ ಒಂದು ಫೈಲ್ ಇತ್ತು.